ಹಿಫ್ಝ್‌ಗೆ, ಕಿತಾಬ್ ಓದಲಿಕ್ಕೆ: ಕುರ್‌ಆನ್ ಪೆನ್ ತೆಗೆದುಕೊಳ್ಳುವುದಾ, ಟ್ಯಾಬಾ, ಇ-ಇಂಕಾ?

ಪುತ್ತೂರಿನ ಓದುಗಿ

ಅಸ್ಸಲಾಮು ಅಲೈಕುಂ, ಎಲ್ಲರಿಗೂ ನಮಸ್ಕಾರ.

ನಮ್ಮ ಮನೆಗೆ ಓದುವ ಸಾಧನ ಒಂದು ತೆಗೆದುಕೊಳ್ಳಬೇಕೆಂದು ಉಂಟು. ತಮ್ಮ ಹಿಫ್ಝ್ (ಕುರ್‌ಆನ್ ಬಾಯಿಪಾಠ) ಮಾಡುತ್ತಿದ್ದಾನೆ. ರಜೆಗೆ ಬಂದಾಗ ಹಳೆಯ ಪಾಠ ಜಾರದಂತೆ ನೋಡಿಕೊಳ್ಳುವುದೇ ಕಷ್ಟ. ಉಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೂ ಸಣ್ಣ ಅಕ್ಷರ ಸರಿಯಾಗಿ ಕಾಣುವುದಿಲ್ಲ. ನಾನು ಕನ್ನಡದಲ್ಲಿ ತಫ್ಸೀರ್ (ಕುರ್‌ಆನ್ ವ್ಯಾಖ್ಯಾನ) ಓದುತ್ತೇನೆ, ಅರಬಿ ವ್ಯಾಕರಣ ಕಲಿಯಲು ಶುರು ಮಾಡಿದ್ದೇನೆ, ಮುಂದೆ ಕಿತಾಬ್ (ಅರಬಿಯ ಧಾರ್ಮಿಕ ಗ್ರಂಥ) ಓದುವ ಆಸೆ ಉಂಟು.

ಅಂಗಡಿಯವರು ಪುಟಕ್ಕೆ ಮುಟ್ಟಿಸಿದರೆ ಓದಿ ಕೇಳಿಸುವ ಕುರ್‌ಆನ್ ಪೆನ್ ತೋರಿಸುತ್ತಾರೆ. ಗಲ್ಫ್‌ನಲ್ಲಿರುವ ಬಂಧುಗಳು ಟ್ಯಾಬ್ ಎನ್ನುತ್ತಾರೆ. ಒಬ್ಬರು ಕಾಗದದಂತೆ ಕಾಣುವ ಪರದೆಯ ಇ-ಇಂಕ್ ರೀಡರ್ ತಗೊಳ್ಳಿ, ಕಣ್ಣಿಗೆ ಒಳ್ಳೆಯದು ಎಂದರು. ಇಪ್ಪತ್ತು ಸಾವಿರದೊಳಗೆ ಮೂವರಿಗೂ ಆಗುವಂಥದ್ದು ಯಾವುದಾದರೂ ಉಂಟಾ? ಬಳಸಿದವರು ದಯವಿಟ್ಟು ಹೇಳಿ.

---

ಹಾಫಿಜ್ ಕಲಬುರಗಿ

ವ ಅಲೈಕುಂ ಅಸ್ಸಲಾಂ ತಂಗಿ. ಹಿಫ್ಜ್ ಕಲಿಸೋದೇ ನನ್ನ ಕೆಲಸ. ಹಂಗಾಗಿ ತಮ್ಮನ ಮಾತಷ್ಟ ಹೇಳ್ತೀನಿ, ಉಳಿದದ್ದು ಬ್ಯಾರೆಯವ್ರು ಹೇಳ್ಲಿ.

ಸಾಧನ ಆಮ್ಯಾಲ ನೋಡ್ರಿ. ಮೊದಲ ತಮ್ಮನ ಕೈಯಾಗಿನ ಮುಸ್‌ಹಫ್ (ಕುರ್‌ಆನ್ ಪ್ರತಿ) ತಗದು ನೋಡ್ರಿ. ಅದು ಮದೀನಾ ಮುಸ್‌ಹಫೋ, ನಮ್ಮ ಕಡೆ ಛಾಪಾದ ಇಂಡೋ-ಪಾಕ್ ಲಿಪಿದೋ? ಪುಟಕ್ಕ ಎಷ್ಟು ಸಾಲು, 13, 15, 16? ಇದನ್ನ ಕೇಳಲಾರ್ದ ಟ್ಯಾಬ್ ತಂದು ಹುಡುಗನ ಕೈಯಾಗ ಕೊಟ್ರ ಓದು ಕೆಡ್ತದ. ಇದು ನಾ ಬಹಳ ಮಂದಿ ಮಕ್ಕಳಾಗ ನೋಡೀನಿ.

ಯಾಕಂದ್ರ ಹಾಫಿಜ್ ಆಗೋ ಹುಡುಗ ಶಬ್ದ ಅಷ್ಟ ನೆನಪಿಟ್ಟುಕೊಳ್ಳೂದಿಲ್ಲ, ಜಾಗಾನೂ ನೆನಪಿಟ್ಟುಕೊಳ್ತಾನ. ಈ ಆಯತ್ (ಕುರ್‌ಆನಿನ ವಾಕ್ಯ) ಬಲಗಡೆ ಪುಟದಾಗ ಮ್ಯಾಲಿಂದ ಮೂರನೇ ಸಾಲು, ಆ ಆಯತ್ ಎಡಗಡೆ ಪುಟದ ಕೆಳಗ, ಹಿಂಗ. ಸೂರಾ (ಅಧ್ಯಾಯ) ರಹ್ಮಾನ್‌ದಾಗ ಒಂದೇ ಆಯತ್ 31 ಸಲ ಬರ್ತದ. ಎಷ್ಟನೇ ಸಲದ ಮುಂದ ಏನು ಬರ್ತದ ಅಂತ ಬಾಯಿ ಮರೆತರೂ ಕಣ್ಣು ಹೇಳ್ತದ. ಒಂದಕ್ಕೊಂದು ಹೋಲೋ ಮುತಶಾಬಿಹ್ ಆಯತ್‌ಗಳಾಗ ಹುಡುಗ್ರನ್ನ ಕೈ ಹಿಡಿಯೋದು ಈ ಜಾಗಾನೇ. ಫೋನಿನಾಗ ಆಯತ್ ಕೆಳಗ ಆಯತ್ ಪಟ್ಟಿ ಹಂಗ ಬಂತು, ಬೆರಳಿಂದ ಮ್ಯಾಲ ಸರಿಸಿದ್ರಿ ಅಂದ್ರ ಆ ಜಾಗ ಅಳಿಸಿ ಹೋಯ್ತು.

1984ರಾಗ ಶುರುವಾದ ಮದೀನಾದ ಕಿಂಗ್ ಫಹದ್ ಕುರ್‌ಆನ್ ಮುದ್ರಣ ಸಂಕೀರ್ಣ ಛಾಪಿಸೋ ಮುಸ್‌ಹಫ್ ಉಸ್ಮಾನ್ ತಾಹಾ ಅವರ ಕೈಬರಹ. 604 ಪುಟ, ಪುಟಕ್ಕ 15 ಸಾಲು, ಪ್ರತಿ ಪುಟ ಆಯತ್ ಮುಗಿದಲ್ಲೇ ಮುಗೀತದ. ಇಂಡೋ-ಪಾಕ್ ಲಿಪಿಯೊಳಗ ಕಲಿತ ಹುಡುಗಗ ಅದನ್ನ ಕೊಟ್ರ ಜಾಗ ಅಷ್ಟ ಅಲ್ಲ, ಚಿಹ್ನೆನೂ ತೊಡಕಾಗ್ತಾವ. ಮದೀನಾದಾಗ ಅಕ್ಷರದ ಮ್ಯಾಲ ಸಣ್ಣ ಸೊನ್ನಿ ಇದ್ರ ಆ ಅಕ್ಷರ ಓದಬಾರದು ಅಂತ. ನಮ್ಮ ಹುಡುಗ್ರು ಅದನ್ನ ಜಜಮ್ (ಸ್ವರ ಇಲ್ಲದ ಅಕ್ಷರದ ಗುರ್ತು) ಅಂತ ತಿಳ್ಕೊಳ್ತಾರ. ತನ್ವೀನ್ (ಪದದ ಕೊನೀಗೆ ‘ನ್’ ದನಿ ಕೊಡೋ ಗುರ್ತು) ಆದಮ್ಯಾಲ ಕೂಡಿಸಿ ಓದೋ ಕಡೆ ನಮ್ಮ ಪ್ರತಿಯೊಳಗ ಸಣ್ಣ ನೂನ್ ಬರ್ದಿರ್ತಾರ, ಮದೀನಾದಾಗ ಅದಿಲ್ಲ. ಉದ್ದ ‘ಈ’, ‘ಊ’ ಗುರ್ತಾದ ಖಡಾ ಜೇರ್, ಉಲ್ಟಾ ಪೇಶ್ ಇರೋ ಕಡೆ ಅಲ್ಲಿ ಸಣ್ಣ ಯಾ, ಸಣ್ಣ ವಾವ್ ಇರ್ತಾವ. ವಕ್ಫ್ (ಓದೋವಾಗ ನಿಲ್ಲೋ) ಗುರ್ತುಗಳೂ ಬ್ಯಾರೆ. ಎರಡೂ ಸರಿನೇ. ಆದ್ರ ಹಿಫ್ಜ್ ಮುಗಿಯೋ ತನಕ ಒಂದರಾಗೇ ಇರ್ಬೇಕು.

ತಮ್ಮಂದು ಯಾವುದು ನೋಡಿ ಬರ್ರಿ, ಆಮ್ಯಾಲ ಮುಂದಿಂದು ಮಾತಾಡೂಣು.

---

ಪುತ್ತೂರಿನ ಓದುಗಿ

ನೋಡಿದೆ ಹಾಫಿಝರೇ. ತಮ್ಮನದು 604 ಪುಟದ್ದು, ಅಂದರೆ ಮದೀನಾ. ಉಮ್ಮನದು ಬೇರೆಯೇ: ಕೇರಳದಲ್ಲಿ ಅಚ್ಚಾದ ಹಳೆಯ ಪೊನ್ನಾನಿ ಲಿಪಿಯದ್ದು, ದಪ್ಪ ಅಕ್ಷರ. ಅವರು ಚಿಕ್ಕಂದಿನಿಂದ ಅದರಲ್ಲೇ ಓದಿದವರು. ತಮ್ಮನ ಮುಸ್‌ಹಫ್ ಕೊಟ್ಟರೆ ತಡವರಿಸುತ್ತಾರೆ. ಇದನ್ನು ನಾನು ಕಣ್ಣಿನ ತೊಂದರೆ ಎಂದುಕೊಂಡಿದ್ದೆ.

---

ಉಳ್ಳಾಲದ ಮುತಅಲ್ಲಿಂ

ಪೊನ್ನಾನಿ ಲಿಪಿ ನಾನು ನೋಡಿದ ಯಾವ ಆ್ಯಪ್‌ನಲ್ಲೂ ಇಲ್ಲ. ಅದನ್ನು ಓದುವ ಹಿರಿಯರು ನಮ್ಮ ಕರಾವಳಿಯಲ್ಲಿ ಇನ್ನೂ ಎಷ್ಟೋ ಮಂದಿ ಇದ್ದಾರೆ. ಉಮ್ಮನ ಮುಸ್‌ಹಫನ್ನೇ ಒಳ್ಳೆಯ ಬೆಳಕಿನಲ್ಲಿ ಸ್ಕ್ಯಾನ್ ಮಾಡಿಸಿ, ಪಿಡಿಎಫ್ ಮಾಡಿ ದೊಡ್ಡ ಟ್ಯಾಬ್‌ನಲ್ಲಿ ಹಾಕಿಕೊಡಿ. ಹಿಗ್ಗಿಸಿ ಓದಬಹುದು. ಅವರಿಗೆ ಬೇರೆ ಯಾವ ಆ್ಯಪೂ ಬೇಡ.

---

ಹಾಫಿಜ್ ಕಲಬುರಗಿ

ಮುತಅಲ್ಲಿಂ ಸಾಹೇಬ್ರು ಹೇಳಿದ್ದು ಖರೆ. ಅಮ್ಮಾಗ ಈ ವಯಸ್ಸಿನಾಗ ಹೊಸ ಲಿಪಿ ಕಲಿಸೋದು ಬ್ಯಾಡ.

ತಮ್ಮಗ: 8ರಿಂದ 10 ಇಂಚಿನ ಟ್ಯಾಬ್, ಅದರಾಗ ಮದೀನಾ ಮುಸ್‌ಹಫಿನ ಪುಟ ಇದ್ದಂಗೇ ತೋರ್ಸೋ ಆ್ಯಪ್. ಕುರ್‌ಆನ್ ಡಾಟ್ ಕಾಮ್‌ದವರ ಆ್ಯಂಡ್ರಾಯ್ಡ್ ಆ್ಯಪ್ ಹಂಗೇ ಪುಟ ತೋರಿಸ್ತದ, ರೊಕ್ಕ ಇಲ್ಲ, ಜಾಹೀರಾತೂ ಇಲ್ಲ. ಕಿಂಗ್ ಸೌದ್ ವಿಶ್ವವಿದ್ಯಾಲಯದ ‘ಆಯಾತ್’ ಕೂಡ ಚಲೋ ಅದ. ಸಬಕ್ (ಹೊಸ ಪಾಠ) ಮಾತ್ರ ಕಾಗದದ ಮುಸ್‌ಹಫ್ ನೋಡೇ ಮಾಡ್ಲಿ. ಟ್ಯಾಬ್ ಏನಿದ್ರೂ ದೌರ್ (ಹಳೇ ಪಾಠ ತಿರುಗಿ ಓದೋದು) ಮಾಡ್ಲಿಕ್ಕೆ, ಕೇಳ್ಲಿಕ್ಕೆ.

---

ಶಿವಮೊಗ್ಗ ಟೀಚರ್

ಹಾಫಿಜ್ ಸಾಹೇಬರೇ, ಒಂದು ಪ್ರಶ್ನೆ. ಈಗ ಓದುವುದನ್ನು ಕೇಳಿಸಿಕೊಂಡು ತಪ್ಪು ಹಿಡಿಯುವ ಆ್ಯಪ್ ಬಂದಿವೆ, ತರ್ತೀಲ್ ಎಂಬುದು ಹಾಗೆ. ನನ್ನ ಮಗಳು ಬಳಸುತ್ತಾಳೆ. ಪರದೆ ಖಾಲಿ ಇರುತ್ತದೆ, ಅವಳು ಓದಿದ ಹಾಗೆ ಪದಗಳು ಮೂಡುತ್ತವೆ, ಪದ ಬಿಟ್ಟರೆ ಗುರುತು ಹಾಕುತ್ತದೆ. ಮನೆಯಲ್ಲಿ ಕೇಳಿಸಿಕೊಳ್ಳಲು ಹಾಫಿಜ್ ಇಲ್ಲದವರಿಗೆ ಇದು ದೊಡ್ಡ ಸಹಾಯ ಎಂದು ನನಗೆ ಅನಿಸಿದೆ.

---

ಹಾಫಿಜ್ ಕಲಬುರಗಿ

ಮೇಡಂ, ಪದ ಬಿಟ್ರ ಹಿಡೀತದ, ಆಯತ್ ಹಾರಿದ್ರ ಹಿಡೀತದ, ಒಪ್ತೀನಿ. ಆದ್ರ ಸ್ವಾದ್ ಹೋಗಿ ಸೀನ್ ಆದ್ರ? ಐನ್ ಗಂಟಲಿಂದ ಬರಲಾರ್ದ ಅಲಿಫ್ ಆದ್ರ? ಗುನ್ನಾ (ಮೂಗಿನ ದನಿ) ಎಷ್ಟು ಹೊತ್ತು ಹಿಡಿಬೇಕಿತ್ತು, ಎಷ್ಟು ಹಿಡಿದ? ಅದನ್ನ ಎದುರಿಗೆ ಕೂತು ಬಾಯಿ ನೋಡೋ ಉಸ್ತಾದೇ ಹೇಳ್ಬೇಕು. ಕುರ್‌ಆನ್ ಬಾಯಿಂದ ಬಾಯಿಗೆ ಬಂದದ್ದು, ಸನದ್ (ಗುರುಪರಂಪರೆ) ಅಂತ ಇಟ್ಟಿದ್ದೂ ಅದಕ್ಕೇ. ತಪ್ಪು ತಿದ್ದೋ ಆ್ಯಪಿಗೆ ಹೊಂದಿಕೊಂಡ ಹುಡುಗ ತಪ್ಪು ಉಚ್ಚಾರದಾಗೇ ಪಕ್ಕಾ ಆಗಿ ಬರ್ತಾನ. ಅದನ್ನ ಬಿಡಿಸಬೇಕಂದ್ರ ಹೊಸದಾಗಿ ಕಲಿಸೋದಕ್ಕಿಂತ ಕಷ್ಟ.

---

ಶಿವಮೊಗ್ಗ ಟೀಚರ್

ಉಸ್ತಾದರ ಬದಲಿಗೆ ಎಂದು ನಾನು ಹೇಳಲಿಲ್ಲ. ನಮ್ಮ ಬಡಾವಣೆಯಲ್ಲಿ ಹೆಣ್ಣುಮಕ್ಕಳ ಹಿಫ್ಜ್ ಕೇಳಿಸಿಕೊಳ್ಳಲು ಮಹಿಳಾ ಹಾಫಿಜಾ ಸಿಗುವುದು ವಾರಕ್ಕೆ ಎರಡು ದಿನ. ಉಳಿದ ದಿನ ಮಗು ಯಾರಿಗೆ ಓದಿ ಹೇಳಬೇಕು? ಅಂಥ ದಿನಗಳಿಗೆ ಈ ಆ್ಯಪ್ ಬೇಕು. ಗಂಡುಮಕ್ಕಳಿಗೆ ಮದ್ರಸಾ ಇದೆ, ಮಸೀದಿ ಇದೆ. ಈ ವ್ಯತ್ಯಾಸವನ್ನು ನೀವು ದಯವಿಟ್ಟು ಗಮನಿಸಬೇಕು.

---

ಹಾಫಿಜ್ ಕಲಬುರಗಿ

ಇದು ನ್ಯಾಯದ ಮಾತು ಮೇಡಂ. ಹಂಗಾದ್ರ ಹಿಂಗ ಮಾಡ್ರಿ: ಹಾಫಿಜಾ ಒಮ್ಮೆ ಕೇಳಿ, ಉಚ್ಚಾರ ತಿದ್ದಿ ‘ಸರಿ ಅದ’ ಅಂದ ಪಾಠ ಅಷ್ಟ ಆ್ಯಪಿನ ಮುಂದ ಓದ್ಲಿ. ಹೊಸಾ ಪಾಠ ಓದೂದು ಬ್ಯಾಡ.

---

ಫಾಂಟ್ ಕೆಲಸದವ, ಬೆಂಗಳೂರು

ಆ್ಯಪ್ ವಿಚಾರ ಬಂದಿದ್ದರಿಂದ ಒಳಗಿನ ಸಂಗತಿ ಸ್ವಲ್ಪ ಹೇಳುತ್ತೇನೆ, ನನ್ನ ಕೆಲಸವೇ ಅಕ್ಷರಗಳದ್ದು.

ಪರದೆಯ ಮೇಲೆ ಕುರ್‌ಆನ್ ಮೂಡಿಸಲು ಮೂರು ದಾರಿಗಳಿವೆ. ಒಂದು, ಪುಟದ ಚಿತ್ರ. ಇದರಲ್ಲಿ ಅಕ್ಷರ ಕೆಡುವುದಿಲ್ಲ, ಆದರೆ ಹುಡುಕಲು ಆಗುವುದಿಲ್ಲ, ಅಕ್ಷರವನ್ನಷ್ಟೇ ದೊಡ್ಡದು ಮಾಡಲೂ ಆಗುವುದಿಲ್ಲ. ಎರಡು, ಕಿಂಗ್ ಫಹದ್ ಸಂಕೀರ್ಣದ ಪುಟವಾರು ಫಾಂಟ್: 604 ಪುಟಕ್ಕೆ 604 ಫಾಂಟ್ ಫೈಲು, ಒಂದೊಂದು ಪದವೂ ಮುದ್ರಿತ ಮುಸ್‌ಹಫಿನಲ್ಲಿ ಇರುವ ಆಕಾರದಲ್ಲೇ ಇರುತ್ತದೆ. ನೋಡಲು ಬಹಳ ಚೆಂದ, ನಕಲು ಮಾಡಿ ಬೇರೆಡೆ ಅಂಟಿಸಿದರೆ ಮಾತ್ರ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಮೂರು, ಯುನಿಕೋಡ್ ಪಠ್ಯ. ಇದನ್ನು ಹುಡುಕಬಹುದು, ನಕಲಿಸಬಹುದು, ಬೇಕಾದಷ್ಟು ಹಿಗ್ಗಿಸಬಹುದು. ಆದರೆ ಫಾಂಟ್ ಸರಿಯಿಲ್ಲದಿದ್ದರೆ ವಕ್ಫ್ ಗುರುತು ಪಕ್ಕದ ಅಕ್ಷರಕ್ಕೆ ಜಾರುತ್ತದೆ, ಶದ್ದಾದ (ಅಕ್ಷರ ದ್ವಿತ್ವದ ಗುರುತಿನ) ಮೇಲಿನ ಸ್ವರಚಿಹ್ನೆ ಅದರೊಳಗೇ ಮುಚ್ಚಿಹೋಗುತ್ತದೆ, ಕೆಲವೆಡೆ ಚೌಕ ಡಬ್ಬಿ ಬರುತ್ತದೆ.

ಹಿಂದೆ ಅಂತರ್ಜಾಲದಲ್ಲಿ ಅಕ್ಷರದೋಷವಿರುವ ಪಠ್ಯಗಳೇ ಸುತ್ತುತ್ತಿದ್ದವು. 2007ರಲ್ಲಿ ತನ್ಝೀಲ್ ಯೋಜನೆ ಶುರುವಾದದ್ದು ಅದನ್ನು ಸರಿಪಡಿಸಲೆಂದೇ. ಅವರು ಮದೀನಾ ಮುಸ್‌ಹಫಿಗೆ ಹೋಲಿಸಿ ಪರಿಶೀಲಿಸಿದ ಯುನಿಕೋಡ್ ಪಠ್ಯ ಕೊಟ್ಟರು. ಹಾಗಾಗಿ ಆ್ಯಪ್ ಇಳಿಸುವ ಮೊದಲು ‘ನಮ್ಮ ಬಗ್ಗೆ’ ಪುಟ ತೆರೆದು ಪಠ್ಯ ಎಲ್ಲಿಂದ ತೆಗೆದುಕೊಂಡಿದ್ದಾರೆ ಎಂದು ನೋಡಿ. ಅದನ್ನು ಹೇಳದ ಆ್ಯಪ್ ಬೇಡ. ಮಲೇಷ್ಯಾದಲ್ಲಿ ಕುರ್‌ಆನ್ ಪಠ್ಯ ಮುದ್ರಣಕ್ಕೆ 1986ರ ಕಾಯಿದೆಯೇ ಇದೆ, ಪರಿಶೀಲನೆ ಆಗದೆ ಅಚ್ಚು ಹಾಕುವಂತಿಲ್ಲ. ನಮ್ಮಲ್ಲಿ ಅಂಥದ್ದಿಲ್ಲ, ನೋಡಿಕೊಳ್ಳಬೇಕಾದವರು ನಾವೇ.

ಇನ್ನೊಂದು ಗಂಭೀರ ವಿಷಯ. ಕುರ್‌ಆನ್ ಓದುವ ಆ್ಯಪಿಗೆ ನಿಮ್ಮ ಲೊಕೇಶನ್ ಬೇಕಿಲ್ಲ. ನಮಾಜ್ ಸಮಯ, ಕಿಬ್ಲಾ (ನಮಾಜಿಗೆ ಮುಖ ಮಾಡುವ) ದಿಕ್ಕಿಗೆ ಬೇಕಾಗುತ್ತದೆ, ಅದಕ್ಕೂ ಊರಿನ ಹೆಸರು ಆರಿಸಿದರೆ ಸಾಕು. ಕೋಟ್ಯಂತರ ಜನ ಇಳಿಸಿಕೊಂಡಿದ್ದ ಮುಸ್ಲಿಂ ಪ್ರೊ ಆ್ಯಪಿನಿಂದ ಬಳಕೆದಾರರ ಲೊಕೇಶನ್ ಮಾಹಿತಿ ಎಕ್ಸ್-ಮೋಡ್ ಎಂಬ ದತ್ತಾಂಶ ಕಂಪನಿಗೆ ಹೋಗುತ್ತಿತ್ತು, ಆ ಕಂಪನಿಯ ಗ್ರಾಹಕರಲ್ಲಿ ಅಮೆರಿಕದ ಸೇನೆಯ ಗುತ್ತಿಗೆದಾರರೂ ಇದ್ದರು ಎಂದು 2020ರ ನವೆಂಬರ್‌ನಲ್ಲಿ ವರದಿಯಾಯಿತು. ಆಮೇಲೆ ಅವರು ಆ ಸಂಬಂಧ ಕಡಿದುಕೊಳ್ಳುವುದಾಗಿ ಹೇಳಿದರು. ಇಬಾದತ್‌ಗೆ (ಆರಾಧನೆಗೆ) ತೆರೆದ ಆ್ಯಪ್ ನಮ್ಮ ಓಡಾಟವನ್ನು ಬರೆದಿಟ್ಟುಕೊಳ್ಳುವುದು ನನಗೆ ಸಹಿಸಲಾಗದ ಸಂಗತಿ. ತಮ್ಮನ ಟ್ಯಾಬಿಗೆ ಆ್ಯಪ್, ಧ್ವನಿ ಎಲ್ಲ ಇಳಿಸಿಕೊಂಡ ಮೇಲೆ ಏರೋಪ್ಲೇನ್ ಮೋಡ್ ಹಾಕಿಬಿಡಿ. ಹಿಫ್ಝ್‌ಗೆ ಇಂಟರ್ನೆಟ್ ಬೇಕಿಲ್ಲ, ನೋಟಿಫಿಕೇಶನ್ ಅಂತೂ ಬೇಡವೇ ಬೇಡ.

---

ದಮ್ಮಾಮ್ ಕನ್ನಡಿಗ

ಪೆನ್ ಬಗ್ಗೆ ಯಾರೂ ಹೇಳಲಿಲ್ಲ. ಉಮ್ರಾಕ್ಕೆ (ಮಕ್ಕಾ ಯಾತ್ರೆಗೆ) ಬಂದು ಊರಿಗೆ ಹೋಗುವವರು ಇಲ್ಲಿಂದ ಅದನ್ನು ರಾಶಿ ರಾಶಿ ಕೊಂಡುಹೋಗುತ್ತಾರೆ, ಆದ್ದರಿಂದ ಹೇಳುತ್ತೇನೆ.

ಪೆನ್ನಿನ ಮೂತಿಯಲ್ಲಿ ಚಿಕ್ಕ ಕ್ಯಾಮೆರಾ ಇರುತ್ತದೆ. ಅದರ ಜೊತೆ ಬರುವ ಮುಸ್‌ಹಫಿನ ಕಾಗದದ ಮೇಲೆ ಬರಿಗಣ್ಣಿಗೆ ಗೊತ್ತಾಗದಷ್ಟು ಸಣ್ಣ ಚುಕ್ಕೆಗಳನ್ನು ಅಚ್ಚು ಮಾಡಿರುತ್ತಾರೆ. ಆಯತಿನ ಮೇಲೆ ಮುಟ್ಟಿಸಿದರೆ ಚುಕ್ಕೆಗಳ ಜೋಡಣೆ ಓದಿ ಅದೇ ಆಯತಿನ ಕಿರಾಅತ್ (ಪಠಣ) ಕೇಳಿಸುತ್ತದೆ. ಅಕ್ಷರವನ್ನು ಅದು ಓದುವುದಿಲ್ಲ. ಅಂದರೆ ನಿಮ್ಮ ಮನೆಯ ಬೇರೆ ಮುಸ್‌ಹಫಿಗೆ ಮುಟ್ಟಿಸಿದರೆ ಏನೂ ಆಗದು. ಆ ಪುಸ್ತಕ ಕಳೆದರೆ, ನೆನೆದು ಹಾಳಾದರೆ ಪೆನ್ ಕೂಡ ವ್ಯರ್ಥ. ಇದನ್ನು ಅಂಗಡಿಯವರು ಹೇಳುವುದಿಲ್ಲ.

ಭಾಷೆಗಳ ಪಟ್ಟಿ ಡಬ್ಬಿಯ ಮೇಲೆ ಉದ್ದ ಇರುತ್ತದೆ. ಉರ್ದು, ಮಲಯಾಳಂ, ತಮಿಳು ಸಿಗುತ್ತದೆ. ನಾನು ಕೈಯಲ್ಲಿ ಹಿಡಿದು ನೋಡಿದ ಪೆನ್‌ಗಳಲ್ಲಿ ಕನ್ನಡ ಇರಲಿಲ್ಲ. ಇಲ್ಲಿ ಮಂಗಳೂರು, ಭಟ್ಕಳ, ಉಡುಪಿಯವರು ಇಷ್ಟು ಮಂದಿ ಇದ್ದೇವೆ, ಕೊಳ್ಳುವವರೂ ನಾವೇ. ಕೇಳಿದರೆ ತಯಾರಕರು ಹಾಕಿಯಾರು, ಕೇಳುವವರಿಲ್ಲ.

ಚಿಕ್ಕ ಮಕ್ಕಳಿಗೆ, ಹೊಸದಾಗಿ ಕಲಿಯುವ ದೊಡ್ಡವರಿಗೆ ಪೆನ್ ಒಳ್ಳೆಯದು. ಒಂದು ಆಯತ್ ಎಷ್ಟು ಸಲ ಬೇಕಾದರೂ ಕೇಳಬಹುದು, ಪರದೆ ಇಲ್ಲ, ಆಟ ಇಲ್ಲ. ಹಿಫ್ಝ್ ಮುಂದುವರಿದವನಿಗೆ ಹೆಚ್ಚೇನೂ ಪ್ರಯೋಜನ ಇಲ್ಲ. ಕೊಳ್ಳುವುದಾದರೆ ಅಂಗಡಿಯಲ್ಲೇ ತೆರೆಸಿ, ಮೊದಲ, ನಡುವಿನ, ಕೊನೆಯ ಜುಝ್‌ನ (ಕುರ್‌ಆನಿನ ಭಾಗದ) ಪುಟಗಳಿಗೆ ಮುಟ್ಟಿಸಿ ನೋಡಿ. ಅಗ್ಗದ ಪೆನ್‌ಗಳಲ್ಲಿ ಪುಟದ ಅಂಚಿನ ಆಯತ್‌ಗಳು ತಡವಾಗಿ ಹಿಡಿಯುತ್ತವೆ.

---

ಧಾರವಾಡದ ಕೇಳುಗ

ನನಗೆ ಹುಟ್ಟಿನಿಂದ ದೃಷ್ಟಿ ಇಲ್ಲ. ಸ್ಕ್ರೀನ್ ರೀಡರ್ ಬಳಸಿ ಇದನ್ನು ಬರೆಯುತ್ತಿದ್ದೇನೆ. ಪುತ್ತೂರಿನ ಅಕ್ಕ ತಾಯಿಯ ಕಣ್ಣಿನ ಬಗ್ಗೆ ಹೇಳಿದ್ದರಿಂದ ನನ್ನ ಅನುಭವ ತಿಳಿಸಬೇಕೆನಿಸಿತು.

ಫೋನಿನ ಯಂತ್ರಧ್ವನಿಗೆ ಕುರ್‌ಆನ್ ಓದಿಸಬೇಡಿ. ಕನ್ನಡ ಅನುವಾದವನ್ನು ಅದು ಚೆನ್ನಾಗಿಯೇ ಓದುತ್ತದೆ, ನಾನು ದಿನಾ ಕೇಳುತ್ತೇನೆ. ಅರಬಿ ಆಯತ್ ಬಂದಾಗ ಮಾತ್ರ ಮದ್ದ್ (ಸ್ವರದ ಎಳೆತ) ಇಲ್ಲ, ಗುನ್ನಾ ಇಲ್ಲ, ನಿಲ್ಲಬೇಕಾದಲ್ಲಿ ನಿಲ್ಲದೆ ಸುದ್ದಿ ಓದಿದ ಹಾಗೆ ಓದಿಬಿಡುತ್ತದೆ. ಪುಟದ ಚಿತ್ರವಿರುವ ಆ್ಯಪ್‌ಗಳಲ್ಲಂತೂ ಅದಕ್ಕೆ ಏನೂ ಕಾಣುವುದಿಲ್ಲ, ‘ಚಿತ್ರ’ ಎಂದು ಹೇಳಿ ಸುಮ್ಮನಾಗುತ್ತದೆ. ಆಯತ್ ಆಯತ್ ಆಗಿ ಕಾರಿಯ (ಕುರ್‌ಆನ್ ಪಠಿಸುವವರ) ಧ್ವನಿ ಕೇಳಿಸುವ, ಗುಂಡಿಗಳಿಗೆ ಹೆಸರು ಕೊಟ್ಟಿರುವ ಆ್ಯಪ್ ನಮಗೆ ಬೇಕು. ಆ್ಯಪ್ ಮಾಡುವವರು ಯಾರಾದರೂ ಇಲ್ಲಿದ್ದರೆ, ಗುಂಡಿಗಳಿಗೆ ಕನ್ನಡದಲ್ಲಿ ಹೆಸರು ಕೊಡಿ ಎಂದು ಬೇಡಿಕೊಳ್ಳುತ್ತೇನೆ. ಬಹಳ ಚಿಕ್ಕ ಕೆಲಸ ಅದು, ನಮಗೆ ಬಹಳ ದೊಡ್ಡದು.

ಯಾರ ಧ್ವನಿ ಎಂದು ಕೇಳಿದರೆ ನಾನು ಈಜಿಪ್ತಿನ ಮಹಮೂದ್ ಖಲೀಲ್ ಅಲ್ ಹುಸರಿ (1917–1980) ಅವರ ಹೆಸರು ಹೇಳುತ್ತೇನೆ. ಕುರ್‌ಆನ್ ಪೂರ್ತಿಯಾಗಿ ಮುರತ್ತಲ್ (ಸರಳ, ಸಮಗತಿಯ ಪಠಣ) ಶೈಲಿಯಲ್ಲಿ ಮೊದಲು ಧ್ವನಿಮುದ್ರಣವಾಗಿ 1961ರಲ್ಲಿ ಹೊರಬಂದದ್ದು ಅವರ ಕಂಠದಲ್ಲೇ. ಅವಸರವಿಲ್ಲ, ಪ್ರತಿ ಅಕ್ಷರ ಅದರದರ ಸ್ಥಾನದಿಂದ ಬರುತ್ತದೆ. ಅವರದೇ ‘ಮುಅಲ್ಲಿಂ’ ಧ್ವನಿಮುದ್ರಣ ಕಲಿಯುವವರಿಗೆಂದೇ ಇದೆ. ನಾನು ಕಲಿತದ್ದು ಅದನ್ನು ಕೇಳಿ, ಆಮೇಲೆ ನಮ್ಮ ಓಣಿಯ ಹಜರತ್ ತಿದ್ದಿದರು.

ತಾಯಿಗೆ ಟಚ್ ಪರದೆ ಕೊಡುವ ಬದಲು, ಬೆರಳಿಗೆ ಸಿಗುವ ಗುಂಡಿಗಳಿರುವ ಚಿಕ್ಕ ಆಡಿಯೊ ಪ್ಲೇಯರ್ ಕೊಡಿ. ನಿಲ್ಲಿಸಿದಲ್ಲಿಂದ ಮತ್ತೆ ಶುರುವಾಗುತ್ತದೆಯೇ ಎಂದು ಮಾತ್ರ ಖಚಿತ ಮಾಡಿಕೊಳ್ಳಿ. ಹಲವು ಸ್ಪೀಕರ್‌ಗಳು ಪ್ರತಿ ಸಲ ಮೊದಲ ಸೂರಾ ಫಾತಿಹಾದಿಂದ ಶುರು ಮಾಡುತ್ತವೆ. ಎರಡನೇ ಸೂರಾ ಬಕರಾದ ನಡುವೆ ನಿಲ್ಲಿಸಿದವರಿಗೆ ಅಲ್ಲಿಗೆ ಮರಳುವುದು ಹಿಂಸೆ.

---

ಪುತ್ತೂರಿನ ಓದುಗಿ

ಧಾರವಾಡದ ಸಹೋದರರೇ, ಅಲ್ಲಾಹು ನಿಮಗೆ ಒಳಿತು ಮಾಡಲಿ. ಇದು ನನಗೆ ಹೊಳೆದೇ ಇರಲಿಲ್ಲ. ಉಮ್ಮನಿಗೆ ಗುಂಡಿ ಇರುವುದೇ ಆಗಬೇಕು.

ಇನ್ನು ನನ್ನ ಕಿತಾಬ್ ವಿಷಯ. ಇ-ಇಂಕ್ ಬಳಸಿದವರು ಯಾರಾದರೂ ಇದ್ದೀರಾ?

---

ಉಳ್ಳಾಲದ ಮುತಅಲ್ಲಿಂ

ನಾನು ಬಳಸುತ್ತೇನೆ. ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಯಾಕೆಂದರೆ ದರ್ಸ್‌ನಲ್ಲಿ (ಮಸೀದಿಯ ಧಾರ್ಮಿಕ ಪಾಠಶಾಲೆಯಲ್ಲಿ) ಇರುವವರು ಹಣ ಕೂಡಿಸಿ ತಂದು ಆಮೇಲೆ ಬೇಸರ ಪಡುವುದನ್ನು ನೋಡಿದ್ದೇನೆ.

ನಾವು ಓದುವ ಕಿತಾಬ್‌ಗಳ ಪುಟ ಹೇಗಿರುತ್ತದೆ ಎಂದು ಗೊತ್ತಲ್ಲ. ಪೊನ್ನಾನಿಯ ಝೈನುದ್ದೀನ್ ಮಖ್ದೂಮರ ಫತ್‌ಹುಲ್ ಮುಈನ್ ಎಂಬ ಕರ್ಮಶಾಸ್ತ್ರ ಗ್ರಂಥ ತೆಗೆದುಕೊಳ್ಳಿ. ಹಳೆಯ ಅಚ್ಚಿನಲ್ಲಿ ನಡುವೆ ಮೂಲ, ಸುತ್ತ ಅಂಚಿನಲ್ಲಿ ಹಾಶಿಯಾ (ವಿವರಣೆ), ಸಾಲುಗಳ ಮಧ್ಯೆ ಚಿಕ್ಕ ಟಿಪ್ಪಣಿ. ಯಾವ ಟಿಪ್ಪಣಿ ಯಾವ ಪದಕ್ಕೆ ಸೇರಿದ್ದು ಎಂಬುದು ಪುಟದ ಮೇಲೆ ಅದು ಇರುವ ಸ್ಥಳದಿಂದಲೇ ತಿಳಿಯುತ್ತದೆ. ಇದನ್ನು ಸ್ಕ್ಯಾನ್ ಮಾಡಿದ ಪಿಡಿಎಫ್ 6 ಇಂಚಿನ ರೀಡರ್‌ನಲ್ಲಿ ತೆರೆದರೆ ಹಾಶಿಯಾ ಇರುವೆಯ ಸಾಲು. ಹಿಗ್ಗಿಸಿ ಅತ್ತಿತ್ತ ಸರಿಸುತ್ತಾ ಹೋದರೆ ಇ-ಇಂಕ್ ಪರದೆ ಪ್ರತಿ ಸಲ ಮಿನುಗಿ ಹೊಸದಾಗಿ ಮೂಡಬೇಕು. ಎರಡು ಪುಟಕ್ಕೆ ತಾಳ್ಮೆ ಹೋಗುತ್ತದೆ. ಇಂಥ ಕಿತಾಬ್‌ಗೆ 10 ಇಂಚು ಬೇಕೇ ಬೇಕು, ಅಷ್ಟು ದೊಡ್ಡ ಇ-ಇಂಕ್ ನಿಮ್ಮ ಬಜೆಟಿಗೆ ಸಿಗುವುದಿಲ್ಲ.

ಅರಬಿ ಕಿತಾಬ್‌ಗಳ ಡಿಜಿಟಲ್ ಗ್ರಂಥಾಲಯ ಮಕ್ತಬಾ ಶಾಮಿಲಾ ಉಂಟಲ್ಲ ಎನ್ನಬಹುದು. ಉಂಟು, ಅದು ನಮ್ಮ ಕಾಲದ ದೊಡ್ಡ ಕೊಡುಗೆ. ಸಾವಿರಾರು ಕಿತಾಬ್, ಪೈಸೆ ಖರ್ಚಿಲ್ಲ, ಒಂದು ಪದ ಕೊಟ್ಟರೆ ಇಡೀ ಗ್ರಂಥಾಲಯದಲ್ಲಿ ಎಲ್ಲೆಲ್ಲಿದೆ ಎಂದು ಹುಡುಕಿ ಕೊಡುತ್ತದೆ. ಹಿಂದೆ ಮುಹಮ್ಮದ್ ಫುಆದ್ ಅಬ್ದುಲ್ ಬಾಕಿಯಂಥವರು ವರ್ಷಗಟ್ಟಲೆ ಕುಳಿತು ಕುರ್‌ಆನಿನ ಪದಗಳಿಗೆ ಸೂಚಿ ಮಾಡಿಟ್ಟರು. ಅಂಥ ಹುಡುಕಾಟ ಈಗ ಕ್ಷಣದ ಕೆಲಸ. ಆದರೆ ಶಾಮಿಲಾದಲ್ಲಿ ಸಿಗುವುದು ಟೈಪ್ ಮಾಡಿದ ಪಠ್ಯ. ಹಾಶಿಯಾ ಮೂಲದ ಸುತ್ತ ಇರುವುದಿಲ್ಲ, ಬೇರೆಡೆ ಇರುತ್ತದೆ ಅಥವಾ ಇರುವುದೇ ಇಲ್ಲ. ಟೈಪ್ ತಪ್ಪುಗಳೂ ಉಂಟು. ಇನ್ನೊಬ್ಬರಿಗೆ ಉಲ್ಲೇಖಿಸುವ ಮೊದಲು ಅಚ್ಚಿನ ಪ್ರತಿಗೆ ಹೋಲಿಸಲೇಬೇಕು. ಹರಕತ್ (ಸ್ವರಚಿಹ್ನೆ) ಇಲ್ಲದ ಮೂಲವನ್ನು ಹೇಗೆ ಬಿಡಿಸಿ ಓದಬೇಕೆಂದು ಉಸ್ತಾದರ ಮುಂದೆ ಕುಳಿತೇ ತಿಳಿಯಬೇಕು.

ನೀವು ವ್ಯಾಕರಣ ಶುರು ಮಾಡಿದ್ದೀರಿ. ಸದ್ಯ ನಿಮಗೆ ಬೇಕಾದದ್ದು ಎರಡು ಮೂರು ತೆಳ್ಳಗಿನ ಕಿತಾಬ್, ಅವು ಕಾಗದದಲ್ಲೇ ಇರಲಿ. ಅಂಚಿನಲ್ಲಿ ಬರೆದುಕೊಳ್ಳಿ. ಹಣ ನಿಘಂಟಿಗೆ, ಟ್ಯಾಬಿಗೆ ಇಡಿ.

ಬಣ್ಣದ ಇ-ಇಂಕ್ ಬಗ್ಗೆಯೂ ಒಂದು ಮಾತು, ಕೇಳುವವರು ಬಹಳ. ತಜ್‌ವೀದ್ (ಉಚ್ಚಾರ ನಿಯಮ) ಬಣ್ಣದ ಮುಸ್‌ಹಫ್‌ಗೆ ಆಗುತ್ತದೆ ಎಂದು ಕೊಳ್ಳಬೇಡಿ. ಕೆಲಿಡೊ 3 ಎಂಬ ಬಣ್ಣದ ಇ-ಇಂಕ್ ಪರದೆ ಕಪ್ಪು-ಬಿಳುಪಿನಲ್ಲಿ ಇಂಚಿಗೆ 300 ಬಿಂದು ಕೊಟ್ಟರೆ ಬಣ್ಣದಲ್ಲಿ 150 ಮಾತ್ರ. ಮದ್ದ್‌ನ ಕೆಂಪು, ಗುನ್ನಾದ ಹಸಿರು ಎರಡೂ ಮಂಕು. ಸಣ್ಣ ಅಕ್ಷರದಲ್ಲಿ ತಿಳಿಕೆಂಪಿಗೂ ಕಡುಕೆಂಪಿಗೂ ವ್ಯತ್ಯಾಸ ಕಾಣುವುದಿಲ್ಲ, ತಜ್‌ವೀದ್ ಬಣ್ಣದಲ್ಲಿ ಅದೇ ಮುಖ್ಯ.

---

ಹಾಫಿಜ್ ಕಲಬುರಗಿ

ದರ್ಸೆ ನಿಜಾಮಿ (ಮದ್ರಸಾ ಪಠ್ಯಕ್ರಮ) ಓದೋ ನಮ್ಮ ಹುಡುಗ್ರದೂ ಇದೇ ಕಥಿ. ಹನಫಿ ಕರ್ಮಶಾಸ್ತ್ರದ ಕಿತಾಬ್ ಹಿದಾಯಾದ ಹಾಶಿಯಾ ಇರಲಾರ್ದ ಓದು ಮುಂದಕ್ಕ ಸಾಗೂದಿಲ್ಲ. ಮತ್ತ ಉರ್ದು ತಫ್ಸೀರ್ ಓದೋವ್ರು ನಸ್ತಾಲೀಕ್ (ಉರ್ದುವಿನ ಓರೆ ಬರಹ) ಫಾಂಟ್ ಅದ ಏನು ಅಂತ ನೋಡ್ಕೋರಿ. ಇಲ್ಲಂದ್ರ ಉರ್ದುನೂ ಅರಬಿ ನಸ್ಖ್ ಹಂಗ ಮೂಡ್ತದ, ನಮ್ಮ ಹಿರಿಯರಿಗೆ ಓದ್ಲಿಕ್ಕೆ ಬರೂದಿಲ್ಲ.

---

ಫಾಂಟ್ ಕೆಲಸದವ, ಬೆಂಗಳೂರು

ಹೌದು. ಐಫೋನ್, ಐಪ್ಯಾಡ್‌ಗಳಲ್ಲಿ 2017ರಿಂದ ಉರ್ದುವಿಗೆ ನಸ್ತಾಲೀಕ್ ಇದೆ. ಆ್ಯಂಡ್ರಾಯ್ಡ್‌ನಲ್ಲಿ ಆ್ಯಪ್ ತಾನೇ ಫಾಂಟ್ ಸೇರಿಸಿಕೊಂಡಿರಬೇಕು. ಇಪಬ್ (ಇ-ಪುಸ್ತಕ ಫೈಲ್) ಓದುವವರು ಕೆಓರೀಡರ್ ನೋಡಿ, ಮುಕ್ತ ತಂತ್ರಾಂಶ. ಬಲದಿಂದ ಎಡಕ್ಕೆ ಸಾಗುವ ಸಾಲುಗಳನ್ನು ಸರಿಯಾಗಿ ಮೂಡಿಸುತ್ತದೆ, ನಮಗೆ ಬೇಕಾದ ಫಾಂಟನ್ನೂ ಹಾಕಿಕೊಳ್ಳಬಹುದು. ಕನ್ನಡದ ಒತ್ತಕ್ಷರಗಳೂ ಸರಿಯಾಗಿ ಬರುತ್ತವೆ. ಅರಬಿ ಆಯತ್, ಕೆಳಗೆ ಕನ್ನಡ ಇರುವ ಪುಸ್ತಕಕ್ಕೆ ಇದು ಮುಖ್ಯ.

---

ಮೈಸೂರಿನ ಓದುಗ

ನಮಸ್ಕಾರ. ನಾನು ಮುಸ್ಲಿಮನಲ್ಲ, ನಿವೃತ್ತ ಗ್ರಂಥಪಾಲಕ. ಬೀದರಿನಲ್ಲಿ ಕೆಲಸ ಮಾಡುತ್ತಿದ್ದಾಗ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸಾ ನೋಡಿ ಈ ಓದಿನ ಪರಂಪರೆಯ ಬಗ್ಗೆ ಆಸಕ್ತಿ ಹುಟ್ಟಿತು. ಅಲ್ಲಿ ದೊಡ್ಡ ಗ್ರಂಥಭಂಡಾರವೇ ಇತ್ತು. ಕುರ್‌ಆನನ್ನು ಕನ್ನಡದಲ್ಲಿ ಓದುತ್ತಿದ್ದೇನೆ. ಫೋನಿನಲ್ಲಿ ವಿಶ್ವಾಸಾರ್ಹ ಅನುವಾದ ಎಲ್ಲಿ ಸಿಗುತ್ತದೆ? ಅರಬಿ ಬಾರದವನು ಫೋನಿನಲ್ಲಿ ಓದಲು ಪಾಲಿಸಬೇಕಾದ ಶಿಸ್ತು ಏನಾದರೂ ಇದೆಯೇ?

---

ಪುತ್ತೂರಿನ ಓದುಗಿ

ಸರ್, ನಾನು ಕುರ್‌ಆನ್‌ಎನ್ಸಿ ತಾಣದಲ್ಲಿ ಕನ್ನಡ ಓದುತ್ತೇನೆ, ಆ್ಯಪ್ ಕೂಡ ಉಂಟು. ಅನುವಾದಕರ ಹೆಸರು ಹಾಕಿರುತ್ತಾರೆ, ತಪ್ಪು ಕಂಡರೆ ತಿಳಿಸಲೂ ಅವಕಾಶ ಉಂಟು. ಅಚ್ಚಿನಲ್ಲಾದರೆ ಮಂಗಳೂರಿನ ಶಾಂತಿ ಪ್ರಕಾಶನದ್ದು ನಮ್ಮ ಮನೆಯಲ್ಲಿ ಉಂಟು, ಅಡಿಟಿಪ್ಪಣಿಗಳಿಗಾಗಿ ಅದನ್ನೇ ತೆರೆಯುತ್ತೇನೆ. ಆ್ಯಪಿನಲ್ಲಿ ಒಂದೇ ಆಯತ್ ಓದಿ ನಿಲ್ಲಿಸಬೇಡಿ, ಹಿಂದಿನ ಮುಂದಿನ ಆಯತ್ ಸೇರಿಸಿ ಓದಿ. ಹುಡುಕಿದ ಪದ ಇರುವ ಸಾಲು ಮಾತ್ರ ಪರದೆಗೆ ಬರುತ್ತದೆ, ಸಂದರ್ಭ ಹೊರಗೆ ಉಳಿಯುತ್ತದೆ.

ವುಝೂ (ಅಂಗಶುದ್ಧಿ) ವಿಷಯ ನನಗೂ ಕೇಳಬೇಕಿತ್ತು. ತಮ್ಮ ಟ್ಯಾಬ್ ಮುಟ್ಟುವಾಗ ಪ್ರತಿ ಸಲ ವುಝೂ ಬೇಕಾ?

---

ಉಳ್ಳಾಲದ ಮುತಅಲ್ಲಿಂ

ನಮ್ಮ ಶಾಫಿಈ (ಒಂದು ಕರ್ಮಶಾಸ್ತ್ರ ಪಂಥ) ಉಸ್ತಾದರುಗಳಲ್ಲಿ ಹೆಚ್ಚಿನವರು ಹೇಳುವುದು, ಪರದೆಯ ಬೆಳಕಿಗೆ ಮುಸ್‌ಹಫಿನ ಹುಕ್ಮ್ (ನಿಯಮ) ಇಲ್ಲ, ಆದರೂ ವುಝೂ ಇರುವುದೇ ಅದಬ್ (ಶಿಷ್ಟಾಚಾರ) ಎಂದು. ನಿಮ್ಮ ಖತೀಬರನ್ನು ಕೇಳಿ, ಅವರು ಹೇಳಿದಂತೆ ಮಾಡಿ.

---

ಹಾಫಿಜ್ ಕಲಬುರಗಿ

ನಮ್ಮ ಹನಫಿ ಉಲಮಾದಾಗ ಬಹಳ ಮಂದಿ ಆಯತ್ ಕಾಣ್ತಿರೋವಾಗ ಆ ಜಾಗಾಕ್ಕ ವುಜು ಇಲ್ಲದ ಬೆರಳು ಹಚ್ಚಬ್ಯಾಡ್ರಿ ಅಂತಾರ. ಸರ್, ನೀವು ಚಿಂತಿ ಮಾಡಬ್ಯಾಡ್ರಿ, ಗೌರವದಿಂದ ಓದ್ಲಿಕತ್ತೀರಿ, ಓದ್ರಿ.

---

ಶಿವಮೊಗ್ಗ ಟೀಚರ್

ಹದೀಸ್ (ಪ್ರವಾದಿಯವರ ಮಾತು-ನಡೆಯ ವರದಿ) ಓದುವವರಿಗೂ ಒಂದು ಮಾತು ಸೇರಿಸುತ್ತೇನೆ. ವಾಟ್ಸಾಪ್‌ನಲ್ಲಿ ‘ಸಹೀಹ್ ಮುಸ್ಲಿಂ ಸಂಖ್ಯೆ ಇಷ್ಟು’ ಎಂದು ಬಂದದ್ದನ್ನು ಮಕ್ಕಳು ಆ್ಯಪಿನಲ್ಲಿ ಹುಡುಕಿ, ಬೇರೆ ಹದೀಸ್ ಬಂದಾಗ ಗೊಂದಲಕ್ಕೆ ಒಳಗಾಗುತ್ತಾರೆ. ಸಂಖ್ಯೆ ಒಂದೊಂದು ಪ್ರಕಟಣೆಯಲ್ಲಿ ಒಂದೊಂದು ರೀತಿ. ಈಗ ಹೆಚ್ಚು ಚಲಾವಣೆಯಲ್ಲಿರುವುದು ಮೇಲೆ ಹೇಳಿದ ಅಬ್ದುಲ್ ಬಾಕಿಯವರದು, ಅದರಲ್ಲಿ ಹದೀಸ್ ಸಂಗ್ರಹಗಳಾದ ಬುಖಾರಿ 7563ಕ್ಕೆ, ಮುಸ್ಲಿಂ 3033ಕ್ಕೆ ಮುಗಿಯುತ್ತದೆ. ಸುನ್ನಾ ಡಾಟ್ ಕಾಮ್‌ನಲ್ಲಿ ಪ್ರತಿ ಹದೀಸಿನ ಕೆಳಗೆ ಗ್ರಂಥದೊಳಗಿನ ಅಧ್ಯಾಯದ ಕ್ರಮಸಂಖ್ಯೆಯೂ ಇಂಗ್ಲಿಷ್ ಅನುವಾದದ ಹಳೆಯ ಸಂಖ್ಯೆಯೂ ಬೇರೆಬೇರೆ ಇರುತ್ತವೆ. ನಾನು ತರಗತಿಯಲ್ಲಿ ಅಧ್ಯಾಯದ ಹೆಸರನ್ನೂ ಬರೆಸುತ್ತೇನೆ. ಹೆಸರು ಇದ್ದರೆ ಯಾವ ಪ್ರತಿಯಲ್ಲೂ ಸಿಗುತ್ತದೆ.

---

ಪುತ್ತೂರಿನ ಓದುಗಿ

ಎಲ್ಲರಿಗೂ ಜಝಾಕುಮುಲ್ಲಾಹು ಖೈರನ್. ತಮ್ಮನಿಗೆ 10 ಇಂಚಿನ ಸಾದಾ ಟ್ಯಾಬ್ ತಂದೆವು, ಇಂಟರ್ನೆಟ್ ಬಂದ್. ಉಮ್ಮನ ಮುಸ್‌ಹಫ್ ಸ್ಕ್ಯಾನ್ ಆಗುತ್ತಾ ಉಂಟು. ಅವರಿಗೆ ಗುಂಡಿಯ ಪ್ಲೇಯರ್ ಬಂದಿದೆ, ನಿಲ್ಲಿಸಿದಲ್ಲಿಂದಲೇ ಶುರುವಾಗುತ್ತದೆ. ಇ-ಇಂಕ್ ಬಿಟ್ಟೆ.

ಈಗ ಒಂದು ಸಮಸ್ಯೆ. ಹುಸರಿಯವರ ಕಿರಾಅತ್ ಮೆಮೊರಿ ಕಾರ್ಡಿಗೆ ಇಳಿಸಿದೆವು. ಫಾತಿಹಾದಲ್ಲಿ ಅವರು ‘ಮಲಿಕಿ’ ಎಂದು ಗಿಡ್ಡವಾಗಿ ಓದುತ್ತಾರೆ. ನಮ್ಮ ಮುಸ್‌ಹಫಿನಲ್ಲಿ ‘ಮಾಲಿಕಿ’ ಉಂಟು. ತಮ್ಮ ಫೈಲ್ ಹಾಳಾಗಿದೆ ಎನ್ನುತ್ತಾನೆ. ಮುಂದೆ ಬೇರೆ ಪದಗಳೂ ವ್ಯತ್ಯಾಸ ಕೇಳಿಸುತ್ತವೆ.

---

ಧಾರವಾಡದ ಕೇಳುಗ

ಫೈಲ್ ಹಾಳಾಗಿಲ್ಲ ಅಕ್ಕ. ನೀವು ಇಳಿಸಿದ್ದು ವರ್ಶ್ ರಿವಾಯತ್ (ಕುರ್‌ಆನ್ ಓದುವ ಒಂದು ಪರಂಪರೆ). ಹುಸರಿಯವರು ನಮ್ಮಲ್ಲಿ ಓದುವ ಹಫ್ಸ್ ಅಲ್ಲದೆ ವರ್ಶ್‌ನಲ್ಲೂ ಓದಿದ್ದಾರೆ. ಮೊರಾಕೊ, ಅಲ್ಜೀರಿಯಾ ಕಡೆ ಹಾಗೆಯೇ ಓದುವುದು, ಅದೂ ಸರಿಯಾದ ಕಿರಾಅತ್. ತಾಣಗಳಲ್ಲಿ ಎರಡೂ ಪಕ್ಕಪಕ್ಕದಲ್ಲೇ ಇರುತ್ತವೆ, ಹೆಸರಿನ ಕೊನೆಯಲ್ಲಿ ಮಾತ್ರ ವ್ಯತ್ಯಾಸ.

---

ಹಾಫಿಜ್ ಕಲಬುರಗಿ

ತಮ್ಮ ಓದೋದು ಹಫ್ಸ್, ವರ್ಶ್ ಫೈಲ್ ಕಾರ್ಡಿನಿಂದ ಈಗಲೇ ತಗೀರಿ, ಹುಡುಗನ ಕಿವಿಗೆ ಎರಡೂ ಬೀಳೂದು ಬ್ಯಾಡ. ಆಯತ್ ಎಣಿಕಿನೂ ಬ್ಯಾರೆ ಅದ: ವರ್ಶ್ ಮುಸ್‌ಹಫಿನಾಗ ಫಾತಿಹಾದ ಬಿಸ್ಮಿಲ್ಲಾ ಒಂದನೇ ಆಯತ್ ಅಂತ ಎಣಿಸೂದಿಲ್ಲ. ಹಂಗಾಗಿ ಆಯತ್‌ವಾರು ಫೈಲ್ ಇಟ್ಟಿದ್ರ ಟ್ಯಾಬಿನಾಗಿನ ಪುಟಕ್ಕ ಹೊಂದೂದಿಲ್ಲ. ಹೊಸದಾಗಿ ಇಳಿಸೋವಾಗ ಹೆಸರಿನಾಗ ‘ಹಫ್ಸ್ ಅನ್ ಆಸಿಮ್’ ಅಂತ ಇರ್ಬೇಕು.

---

ಫಾಂಟ್ ಕೆಲಸದವ, ಬೆಂಗಳೂರು

ಇಳಿಸುವಾಗ ಧ್ವನಿಯ ಗುಣಮಟ್ಟ 64 ಕೆಬಿಪಿಎಸ್ ಆರಿಸಿ. ಪೂರ್ತಿ ಕುರ್‌ಆನ್ ಮುರತ್ತಲ್‌ನಲ್ಲಿ ಸುಮಾರು 30 ಗಂಟೆ ಎಂದುಕೊಂಡರೆ 900 ಎಂಬಿಯೊಳಗೆ ಮುಗಿಯುತ್ತದೆ. 128 ಆದರೆ ಅದರ ಎರಡರಷ್ಟು. ಉಮ್ಮನ ಪ್ಲೇಯರಿಗೆ ಸೂರಾ ಫೈಲುಗಳ ಹೆಸರು 001ರಿಂದ 114ರವರೆಗೆ ಮೂರು ಅಂಕಿಯಲ್ಲೇ ಇರಲಿ. ಬರೀ 1, 2, 3 ಎಂದಿದ್ದರೆ ಅಗ್ಗದ ಪ್ಲೇಯರ್‌ಗಳು 1 ಆದ ಮೇಲೆ 10ಕ್ಕೆ ಹಾರುತ್ತವೆ.